ಅರ್ಧಕ್ಕೆ ನಿಲ್ಲಿಸಿದ ಸಾಕ್ಷಿ

ಗಂಡ ತೀರಿಕೊಂಡು ಮೂರು ತಿಂಗಳಾದ ಮೇಲೆ ಯಾರೋ ಎದುರಿಗೆ ಬಂದು, ಬಾಯ್ತುಂಬ ನಕ್ಕು, 'ನಿಮ್ಮ ಯಜಮಾನರು ಈಗ ಪೂರ್ತಿ ಆರಾಮಾದ್ರಲ್ಲ?' ಎಂದು ಕೇಳಿದರೆ ಹೆಂಡತಿಯಾದವಳಿಗೆ ಹೇಗಾಗಬೇಕು, ನೀವೇ ಹೇಳಿ. ಪುಣೆಯ ಚಿಂಚವಾಡದಲ್ಲಿ ಖಾನಾವಳಿ ನಡೆಸುವ ಸಾವಂತ್ರವ್ವನಿಗೆ ಆದದ್ದು ಅದೇ. ಡಿಸೆಂಬರಿನ ಮೊದಲ ಭಾನುವಾರ. ಶಾಲೆಯೊಂದರ ಹಾಲಿನಲ್ಲಿ ಕನ್ನಡ ಕ್ರೈಸ್ತರ ಆರಾಧನೆ ಮುಗಿದು, ಅವಳು ಬಾಗಿಲ ಬಳಿ ಚಪ್ಪಲಿ ಹುಡುಕುತ್ತ ನಿಂತಿದ್ದಳು. ಶಿವಾಜಿನಗರದ ಕಡೆಯಿಂದ ಬಂದಿದ್ದ ಗುರುತಿಲ್ಲದ ಹೆಂಗಸೊಬ್ಬಳು ಅವಳ ಎರಡೂ ಕೈ ಹಿಡಿದುಕೊಂಡಳು.

'ನಿಮ್ಮ ಸಾಕ್ಷಿ ನಮ್ಮ ಕಡೆನೂ ಹೇಳಿದ್ರು ಅಕ್ಕಾರ. ಡಾಕ್ಟರು ಕೈಬಿಟ್ಟಿದ್ರಂತ, ಇಲ್ಲಿಯವರು ಪ್ರಾರ್ಥನಿ ಮಾಡಿದ್ದೇ ತಡ, ಎದ್ದು ಕುಂತು ರೊಟ್ಟಿ ತಿಂದ್ರಂತ! ದೇವರು ದೊಡ್ಡಾಂವ. ಈಗ ಕೆಲಸಕ್ಕ ಹೊಂಟಾರೇನ್ರಿ?'

'ಸತ್ತಾರ್ರಿ,' ಅಂದಳು ಸಾವಂತ್ರವ್ವ.

ಆ ಹೆಂಗಸು ಕೈ ಬಿಟ್ಟಳು. 'ಅಯ್ಯ ಯವ್ವಾ, ನನಗ್ಯಾರೂ ಹೇಳಲೇ ಇಲ್ರಿ' ಎಂದು ತಡವರಿಸಿದಳು. ಅವಳ ತಪ್ಪೇನಿತ್ತು ಪಾಪ! ಯಾರಿಗೂ ಯಾರೂ ಹೇಳಿರಲಿಲ್ಲ.

ಸಾವಂತ್ರವ್ವ ಮನೆಗೆ ಬಂದವಳೇ ಮರುದಿನದ ಹಿಟ್ಟನ್ನು ಅಂದೇ ನಾದಲು ಕೂತಳು. ಅವಳ ಸಿಟ್ಟು ಬರುವುದೇ ಕೈಗೆ. ಖಾನಾವಳಿಗೆ ಬರುವ ಕಾರ್ಖಾನೆಯ ಹುಡುಗರು ಹೊರಗಿನಿಂದಲೇ ರೊಟ್ಟಿ ಬಡಿಯುವ ಸದ್ದು ಕೇಳಿ, 'ಇವತ್ತ ಸುಮ್ಮ ತಿಂದು ಎದ್ದು ಹೋಗೂದು ಚಲೋ' ಎಂದು ಪಿಸುಗುಡುತ್ತಿದ್ದರು. ಹಾಲಿನವನನ್ನು ಬೈಯುತ್ತಿದ್ದಳು, ಗ್ಯಾಸಿನವನನ್ನು ಬೈಯುತ್ತಿದ್ದಳು, ಬಿಸಿ ರೊಟ್ಟಿ ಕೇಳಿ ತಣ್ಣಗೆ ಮಾಡಿಕೊಂಡು ಕೂತವನಿಗಂತೂ ಮುಖಕ್ಕೆ ಮುಖ ಕೊಟ್ಟು ಬೈಯುತ್ತಿದ್ದಳು. ಬಾಗಲಕೋಟೆಯ ಬಾಯಿ ಅದು, ಪುಣೆಯಲ್ಲಿ ಇಪ್ಪತ್ತು ವರ್ಷ ಕಳೆದರೂ ಮೆತ್ತಗಾಗಿರಲಿಲ್ಲ. ಮರಾಠಿ ಕಲಿತದ್ದೂ ಮೊದಲು ಬೈಯುವುದಕ್ಕೇ.

ನಡೆದದ್ದು ಇಷ್ಟು. ಗಂಡ ಶಂಕ್ರೆಪ್ಪ ಪಿಂಪ್ರಿಯ ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಕಾಮಾಲೆ ಎಂದು ಶುರುವಾದದ್ದು ಲಿವರಿಗೆ ಹೋಯಿತು. ಆಸ್ಪತ್ರೆಯಲ್ಲಿ ಅವನ ವಾರ್ಡಿನ ನರ್ಸು ಕೇತಕಿ, ಓಣಿಯ ಆಚೆ ತುದಿಯ ಮರಾಠಿ ಕ್ರೈಸ್ತ ಹುಡುಗಿ. ಅವಳೇ ಕನ್ನಡದವರಿಗೆ ಕನ್ನಡದವರಿರಲಿ ಎಂದು ಪಾಸ್ಟರ್ ಕಿಶೋರರನ್ನು ಕರೆತಂದಳು. ಅವರು ಹಾಸಿಗೆಯ ಬದಿ ಮೊಣಕಾಲೂರಿ ಪ್ರಾರ್ಥಿಸಿದರು. ಮರುದಿನ ಶಂಕ್ರೆಪ್ಪ ನಿಜಕ್ಕೂ ಎದ್ದು ಕೂತ. ಅರ್ಧ ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದ. ಪಾಸ್ಟರು ಭಾನುವಾರ ಅದನ್ನು ಹಾಲಿನಲ್ಲಿ ಸಾರಿದರು, ಜನ ಚಪ್ಪಾಳೆ ತಟ್ಟಿದರು. ಶಂಕ್ರೆಪ್ಪ ಎರಡು ವಾರದಲ್ಲಿ ಸತ್ತ. ಅದನ್ನು ಮಾತ್ರ ಅವರು ಸಾರಲಿಲ್ಲ.

ಹಾಗಿದ್ದರೆ ಸಾವಂತ್ರವ್ವ ಅಲ್ಲಿಗೆ ಹೋಗುವುದೇಕೆ? ಅದಕ್ಕೆ ಕಾರಣ ಪಾಸ್ಟರಲ್ಲ, ಕೇತಕಿ. ಮಣ್ಣು ಮಾಡಿ ಬಂದ ಮರುದಿನ ಸಾವಂತ್ರವ್ವ ಗೋಡೆಗೊರಗಿ ಕೂತಿದ್ದಾಗ ಒಳಗೆ ಬಡಿಯುವ ಸದ್ದು ಕೇಳಿಸಿತು. ಕೇತಕಿ ಒಲೆಗೆ ಹಂಚು ಇಟ್ಟು ಭಾಕರಿ, ಅವರ ಕಡೆಯ ಜೋಳದ ರೊಟ್ಟಿ, ಬಡಿಯುತ್ತಿದ್ದಳು. ರಾತ್ರಿಪಾಳಿ ಮುಗಿಸಿ ಸೀದಾ ಬಂದಿದ್ದಳು. 'ಗಿರಾಕಿ ಬೇರೆ ಕಡೆ ಹೋದರೆ ಮತ್ತೆ ಬರುವುದಿಲ್ಲ, ಮಾವಶಿ' ಎಂದಳು ಮರಾಠಿಯಲ್ಲಿ, ಅಷ್ಟೇ. ಆ ವಾರವೆಲ್ಲ ಹಾಗೇ ನಡೆಸಿದಳು. ದೇವರ ಮಾತೆತ್ತಲಿಲ್ಲ. ಕೊನೆಗೆ ಸಾವಂತ್ರವ್ವನೇ 'ನಿನ್ನ ದೇವರ ಬಗ್ಗೆ ಹೇಳು' ಎಂದು ಕೇಳಿದ್ದು.

ಅವಳು ಆರಾಧನೆಗೆ ಹೋಗತೊಡಗಿದ್ದು ತಿಳಿದು ಊರಿನ ಮೈದುನ ಫೋನಿನಲ್ಲಿ 'ಎಷ್ಟಕ್ಕ ಮಾರಿಕೊಂಡಿ?' ಎಂದು ಕೇಳಿ, ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಿದ್ದ. ಮಗಳು ತ್ರಿವೇಣಿ ಹಾಗನ್ನಲಿಲ್ಲ, ಅವಳಿಗೆ ಕೇತಕಿ ಗೊತ್ತು. ಆದರೆ ಹಾಲಿನ ಬಾಗಿಲಲ್ಲಿ ನಡೆದದ್ದನ್ನು ಕೇಳಿದಾಗ ಅವಳ ಮುಖ ಕೆಂಪಾಯಿತು. ಶಿವಾಜಿನಗರದ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಂಗ್ ಮಾಡುವ ಹುಡುಗಿ, ತಾಯಿಯದೇ ಮೂಗಿನ ತುದಿಯ ಸಿಟ್ಟು.

'ಅಪ್ಪಾ ಸತ್ತದ್ದು ಅವರಿಗೆ ನಾಚಿಕಿ ಆಗೇದ ಅವ್ವಾ. ಅದಕ್ಕ ಮುಚ್ಚಿಡ್ತಾರ. ಹಿಂತಾವರ ನಡಬರಕ ಹೋಗಿ ಕೂಡ್ತಿಯಲ್ಲ!'

ಸಾವಂತ್ರವ್ವ ಹಿಟ್ಟಿನ ಡಬ್ಬಿ ಎಳೆದುಕೊಂಡಳು.

ಆ ವಾರವೇ ಪಾಸ್ಟರ್ ಕಿಶೋರ ಖಾನಾವಳಿಗೆ ಬಂದರು. ಗದಗಿನವರು, ಇನ್ನೂ ನಲವತ್ತು ದಾಟದ ಮನುಷ್ಯ, ಮಾತು ಬೆಣ್ಣೆ. ಇವಳು ಬಾಯಿ ತೆರೆಯುವ ಮೊದಲೇ ಅವರು, ಕ್ರಿಸ್‌ಮಸ್ಸಿಗೆ ಬೇರೆ ಸಭೆಗಳಿಂದ ಅತಿಥಿಗಳು ಬರುತ್ತಾರೆ, ನೀವು ಎದ್ದು ನಿಂತು ಸಾಕ್ಷಿ ಹೇಳಬೇಕು, ದೇವರು ನಿಮಗೆ ಮಾಡಿದ್ದನ್ನು ಎಲ್ಲರೆದುರು ಹೇಳಬೇಕು ಎಂದರು.

'ಏನಂತ ಹೇಳ್ಲಿ?'

'ಅವರು ಎದ್ದು ಕುಂತದ್ದು, ರೊಟ್ಟಿ ತಿಂದದ್ದು. ಅಲ್ಲಿಗೆ ನಿಲ್ಲಿಸ್ರಿ, ಸಾಕು.'

'ಮುಂದಿಂದು?'

'ಸುಳ್ಳ ಹೇಳ್ರಿ ಅನ್ನಾಕತ್ತಿಲ್ಲ ಅಕ್ಕಾರ ನಾ. ಅವರು ರೊಟ್ಟಿ ತಿಂದದ್ದು ಖರೇ ಹೌದಲ್ಲ? ಕ್ರಿಸ್‌ಮಸ್ ದಿನಾ ಸಾವಿನ ಮಾತ್ಯಾಕ? ಹೊಸಬರು ಇರ್ತಾರ, ಅವರ ವಿಶ್ವಾಸ ಕದಲ್ತದ.'

ಊರನ್ನೆಲ್ಲ ಬೈಯುವ ಹೆಂಗಸು ಅಂದು ಬಾಯಿ ಬಿಡಲಿಲ್ಲ ನೋಡಿ! ದೇವರ ಮನುಷ್ಯ, ಗಂಡನ ಹಾಸಿಗೆಯ ಬದಿ ಮೊಣಕಾಲೂರಿದವರು. ಮೇಲಾಗಿ, ಬೇಡವೆಂದರೆ ಆ ಹಾಲಿನ ಬಾಗಿಲೂ ಮುಚ್ಚೀತೆಂಬ ಭಯ. ತವರು ಮುನಿಸಿಕೊಂಡಿತ್ತು, ಗಂಡನ ಮನೆ ತೊರೆದಿತ್ತು, ಭಾನುವಾರಕ್ಕೊಂದು ಜಾಗವೆಂದು ಉಳಿದದ್ದು ಅದೊಂದೇ. 'ಹೂಂ' ಎಂದುಬಿಟ್ಟಳು. ಅವರು ಹೋದ ಮೇಲೆ ತನ್ನ ಆ 'ಹೂಂ' ನೆನೆದು ತನ್ನನ್ನೇ ಬೈದುಕೊಂಡಳು. ಶಂಕ್ರೆಪ್ಪನನ್ನು ತಾನೇ ಎರಡನೇ ಸಲ ಹೂಳಲು ಹೊರಟ ಹಾಗಾಯಿತು.

ಅಂದಿನಿಂದ ಹಂಚಿನ ಮುಂದೆ ಕೂತಾಗಲೆಲ್ಲ ಅವಳ ಜಗಳ ಮೇಲಿನವನ ಜೊತೆ. 'ಏ ಯೇಸಪ್ಪಾ, ಅರ್ಧ ರೊಟ್ಟಿ ತಿನಿಸಿ ಆಶಾ ಹಚ್ಚಿದ್ಯಾಕ? ಒಯ್ಯೂದಿದ್ರ ಸುಮ್ಮ ಒಯ್ಯಬೇಕಿತ್ತಲ್ಲ! ಮ್ಯಾಲ ಈ ಮನಶಾನ್ನ ಬ್ಯಾರೆ ಕಳಿಸೀಯಲ್ಲ, ನಾಚಿಕಿ ಬರೂದಿಲ್ಲೇನ ನಿನಗ?' ಹೀಗೆ ಬಡಿದೂ ಬಡಿದೂ ರೊಟ್ಟಿ ಕಾಗದದಂತೆ ತೆಳ್ಳಗಾಗುತ್ತಿತ್ತು. ಹುಡುಗರು ಹೊಗಳಿದರೆ ಅವರಿಗೂ ಬೈಗುಳ ಬೀಳುತ್ತಿತ್ತು.

ಕ್ರಿಸ್‌ಮಸ್ ಬಂತು. ಹಾಲಿನ ತುಂಬ ಕಾಗದದ ನಕ್ಷತ್ರಗಳು, ಮೂಲೆಯಲ್ಲಿ ಹುಲ್ಲು ಹಾಸಿದ ಗೋದಲಿ, ಅದರಲ್ಲಿ ಕೈಯೆತ್ತಿ ಮಲಗಿದ ಕೂಸು ಯೇಸು. ತಾಟುಗಳಲ್ಲಿ ಕರ್ಚಿಕಾಯಿ, ಚಕ್ಕುಲಿ. ಮುಂದಿನ ಸಾಲಿನಲ್ಲಿ ಅತಿಥಿಗಳು. ಹಿಂದಿನ ಗೋಡೆಗೆ ಒರಗಿ ತ್ರಿವೇಣಿ ನಿಂತಿದ್ದಳು. 'ನೀ ಏನ ಹೇಳ್ತಿ, ಕೇಳಾಕಂತನ ಬಂದೀನಿ' ಎಂದು ತಾಯಿಗೆ ಮೊದಲೇ ಹೇಳಿದ್ದಳು.

ಹೆಸರು ಕರೆದರು. ಸಾವಂತ್ರವ್ವ ಇಳಕಲ್ ಸೀರೆಯ ಸೆರಗು ಬಿಗಿದು ಮುಂದೆ ಹೋಗಿ ಮೈಕು ಹಿಡಿದಳು. ಬೇನೆ, ಆಸ್ಪತ್ರೆ, ಪ್ರಾರ್ಥನೆ, ಎಲ್ಲ ಹೇಳಿದಳು. 'ಮರುದಿನಾ ಎದ್ದು ಕುಂತ್ರು. ರೊಟ್ಟಿ ಕೊಡು ಅಂದ್ರು. ತಿಂದ್ರು' ಎಂದಳು. ಚಪ್ಪಾಳೆ ಬಿತ್ತು. ಪಾಸ್ಟರು ನಗುತ್ತ ಬಂದು ಮೈಕಿಗೆ ಕೈ ಚಾಚಿದರು. ಸಾವಂತ್ರವ್ವ ಬಿಡಲಿಲ್ಲ.

'ತಡೀರಿ. ಚಪ್ಪಾಳಿ ನಿಲ್ಲಿಸ್ರಿ. ಇನ್ನೂ ಮುಗದಿಲ್ಲ.'

ಚಪ್ಪಾಳೆ ಅರ್ಧಕ್ಕೆ ನಿಂತಿತು.

'ಎರಡ ವಾರಕ್ಕ ಸತ್ರು. ನನ್ನ ಗಂಡ ಶಂಕ್ರೆಪ್ಪ ಸತ್ತಾನ. ಅಂವ ಎದ್ದಾಗ ಚಪ್ಪಾಳಿ ಬಡದ್ರಲ್ಲ ನೀವು, ಸತ್ತಾಗ ಒಬ್ಬರರ ಅತ್ರೇನು? ಹ್ಯಾಂಗ ಅಳ್ತೀರಿ, ನಿಮಗ ಹೇಳೇ ಇಲ್ಲ! ಮೂರ ತಿಂಗಳಿಂದ ಈ ಬಾಗಲದಾಗ ಕೂಡ್ತೀನಿ. ಬಂದ ಬಂದವರು ನಿಮ್ಮ ಗಂಡ ಹ್ಯಾಂಗದಾನ ಅಂತ ಕೇಳ್ತಾರ. ಏನ ಹೇಳ್ಲಿ? ಮಣ್ಣಾಗ ಆರಾಮದಾನ ಅನ್ಲೇನು?'

'ಅಕ್ಕಾರ, ಸಾಕ್ರಿ...' ಪಾಸ್ಟರ ದನಿ ಕೆಳಗಿಳಿದಿತ್ತು.

'ಸಾಕಾಗಿಲ್ಲ!' ಎಂದು ಅವಳು ಗೋದಲಿಯ ಕಡೆ ಕೈ ತೋರಿಸಿದಳು. 'ನನಗ ಈ ಕೂಸಿನ ಮ್ಯಾಲೂ ಸಿಟ್ಟದ. ನಾ ಕೇಳಿದ್ದು ಗಂಡನ್ನ. ಕೊಡಲಿಲ್ಲ. ದಿನಾ ಬೈತೀನಿ ಇವನ್ನ, ರೊಟ್ಟಿ ಬಡಕೋಂತ ಬೈತೀನಿ. ತವರವರು ಫೋನ್ ಇಟ್ರು, ಮೈದುನ ಸಂಬಂಧ ಹರಕೊಂಡ. ಇವ ಒಬ್ಬ ಇಷ್ಟ ಬೈದ್ರೂ ಎದ್ದು ಹೋಗಿಲ್ಲ. ಕೇಳಕೋಂತ ಕುಂತಾನ. ಇಲ್ಲದವನ್ನ ದಿನಾ ಬೈಯಾಕ ನನಗೇನ ಹುಚ್ಚ ಹಿಡದದೇನ್ರಿ?'

ಬಾಯಿಂದ ಬರುವವರೆಗೆ ಈ ಮಾತು ಅವಳಿಗೂ ತಿಳಿದಿರಲಿಲ್ಲ. ಸಿಟ್ಟಿನ ನಡುವೆಯೇ ಎದೆ ಹಗುರಾಗಿ, ನಗು ಬರುವಂತಾಯಿತು.

'ಗಂಡ ಬದಕಿದಾ ಅಂತ ನಾ ಇಲ್ಲಿ ಬರಾಕತ್ತಿಲ್ಲ. ಸತ್ತ ಮ್ಯಾಲೂ ಬರ್ತೀನಿ. ಅದ ನನ್ನ ಸಾಕ್ಷಿ. ಬೇಕಾದ್ರ ಇಟಗೋರಿ, ಬ್ಯಾಡಾದ್ರ ಬಿಡ್ರಿ.'

ಮೈಕನ್ನು ಪಾಸ್ಟರ ಕೈಗೆ ತುರುಕಿ ನಡುವಿನ ದಾರಿಯಲ್ಲಿ ಸೀದಾ ಹೊರಗೆ ನಡೆದಳು. ತ್ರಿವೇಣಿ ಓಡಿ ಬಂದು ರಸ್ತೆಯಲ್ಲೇ ತಬ್ಬಿಕೊಂಡು, 'ಅವ್ವಾ, ನೀ ಭಾಳ ಗಟ್ಟಿ ಹೆಣಮಗಳು ಬಿಡು!' ಎಂದು ಅತ್ತಳು. ಸಾವಂತ್ರವ್ವ ಅಳಲಿಲ್ಲ. ಆ ಹಾಲು ಇನ್ನು ತನ್ನದಲ್ಲ ಎಂದೇ ಅವಳಿಗೆ ಅನ್ನಿಸಿತ್ತು.

ಮುಂದಿನ ಮೂರ್ನಾಲ್ಕು ದಿನ ಕೇತಕಿ ಒಬ್ಬಳನ್ನು ಬಿಟ್ಟು ಅತ್ತ ಕಡೆಯಿಂದ ಯಾರೂ ಸುಳಿಯಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಊಟದ ಗದ್ದಲ ಇಳಿದ ಹೊತ್ತಿಗೆ, ಪಾಸ್ಟರ್ ಕಿಶೋರ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತರು. ಮುಖ ಇಳಿದಿತ್ತು. ಸಾವಂತ್ರವ್ವ ನೀರು ಕೂಡ ಕೊಡಲಿಲ್ಲ.

'ಹೆದರಿದ್ದೆ ಅಕ್ಕಾರ,' ಎಂದರು ಅವರು. 'ನನ್ನ ಪ್ರಾರ್ಥನಿ ಸುಳ್ಳಾತು ಅಂತ ಜನಾ ಅಂತಾರ ಅಂತ ಹೆದರಿದ್ದೆ. ನಂದು ತಪ್ಪಾತು. ಕ್ಷಮಾ ಮಾಡ್ರಿ.'

'ಇಲ್ಲಿ ಹಂಚಿನ ಮುಂದ ಬಂದು ಹೇಳಿದ್ರೇನ ಆತು? ಹುರುಪಿಲೆ ಸಾರಿದ್ದು ಎಲ್ಲಿ? ಎಲ್ಲಿ ಮುಚ್ಚಿಟ್ಟೀರಿ, ಅಲ್ಲೇ ಬಿಚ್ಚಿ ಹೇಳ್ರಿ. ನಾ ಹೇಳಿದ್ದು ನನ್ನ ಹೊಟ್ಟಿಉರಿ ಅಂತಾರ ಜನಾ. ನಿಮ್ಮ ಬಾಯಿಲೆ ಹೇಳ್ರಿ. ಆಮ್ಯಾಲೆ ಕ್ಷಮಾದ ಮಾತು.'

ಪಾಸ್ಟರು ತಲೆ ತಗ್ಗಿಸಿ ಎದ್ದು ಹೋದರು.

ಹೊಸ ವರ್ಷದ ಬೆಳಿಗ್ಗೆ ಸಾವಂತ್ರವ್ವ ಆರಾಧನೆಗೆ ಹೋಗುವುದಿಲ್ಲ ಎಂದಳು. ಎಬ್ಬಿಸಿದವಳು ತ್ರಿವೇಣಿ. 'ಹೇಳ್ತಾರೋ ಇಲ್ಲೋ ನೋಡೂಣು ನಡಿ. ಹೇಳಲಿಲ್ಲಂದ್ರ ಅಲ್ಲೇ ಇಬ್ಬರೂ ಕೂಡಿ ಜಗಳ ತಗಿಯೂಣು.'

ಬಾಗಿಲ ಪಕ್ಕದ ಅದೇ ಜಾಗದಲ್ಲಿ ತಾಯಿ ಮಗಳು ಕೂತರು. ಹಾಡು ಮುಗಿಯಿತು, ವಾಕ್ಯ ಓದಿದರು, ಉಪದೇಶ ಮುಗಿಯಿತು. ಪಾಸ್ಟರು ಹೊಸ ವರ್ಷದ ಆಶೀರ್ವಾದಕ್ಕೆ ಕೈಯೆತ್ತಿದರು. ಹೇಳುವುದಿಲ್ಲ ಈ ಹೇಡಿ, ಎಂದು ಸಾವಂತ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಳಲು ಹೊರಟಿದ್ದಳು. ಪಾಸ್ಟರು ಎತ್ತಿದ ಕೈ ಇಳಿಸಿದರು.

'ಶಂಕ್ರೆಪ್ಪನವರು ಸೆಪ್ಟೆಂಬರಿನ್ಯಾಗ ತೀರಿಕೊಂಡ್ರು,' ಎಂದರು. 'ನಾನು ಪ್ರಾರ್ಥನಿ ಮಾಡಿದೆ, ಆದ್ರೂ ತೀರಿಕೊಂಡ್ರು. ಅವರು ಎದ್ದದ್ದು ನಿಮಗ ಹೇಳಿದೆ, ಹೋದದ್ದು ಹೇಳಲಿಲ್ಲ. ಒಬ್ಬ ಹೆಣಮಗಳನ್ನ ಒಬ್ಬಾಕಿನ್ನ ಅಳಾಕ ಬಿಟ್ಟೆ. ನಾನು ಮಾಡಿದ್ದು ಪಾಪ. ಎಲ್ಲಾರೂ ಎದ್ದು ನಿಂದರ್ರಿ.'

ಕುರ್ಚಿಗಳು ಸರಿದ ಸದ್ದಾಯಿತು. ಎಲ್ಲರೂ ನಿಂತರು. ತನ್ನ ಗಂಡನಿಗಾಗಿ ಆ ಇಡೀ ಹಾಲು ತಲೆ ಬಾಗಿಸಿ ನಿಂತದ್ದನ್ನು ನೋಡಿದ ಸಾವಂತ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮೂರು ತಿಂಗಳು ಬೈಗುಳವಾಗಿ ಬಂದದ್ದೆಲ್ಲ ಈಗ ಅಳುವಾಗಿ ಬಂತು.

ಆ ಬೆಳಿಗ್ಗೆ ಅಲ್ಲಿ 'ಹ್ಯಾಪಿ ನ್ಯೂ ಇಯರ್' ಎಂದು ಯಾರೂ ಕೈ ಕುಲುಕಲಿಲ್ಲ. ಹೊಸ ಬಟ್ಟೆ ತೊಟ್ಟ ಜನ ಒಬ್ಬೊಬ್ಬರಾಗಿ ಬಾಗಿಲ ಬಳಿ ಬಂದು ಅವಳ ಮುಂದೆ ನೆಲದ ಮೇಲೆ ಕೂತರು, ಸತ್ತ ಮನೆಗೆ ಬಂದವರು ಕೂರುವ ಹಾಗೆ. ಪಾಸ್ಟರೂ ಬಂದು ಕೂತರು. ಅವಳು ಅವರ ಕಡೆ ನೋಡಿ, 'ಇವತ್ತ ಮಧ್ಯಾಹ್ನ ಊಟಕ್ಕ ಬರ್ರಿ' ಎಂದಳು. ಕ್ಷಮಿಸಿದೆ ಎನ್ನುವುದು ಅವಳ ಬಾಯಿಗೆ ಬರುವ ಮಾತಲ್ಲ.

ಮುದುಕಿಯೊಬ್ಬಳು ಕೇಳಿದಳು. 'ಹ್ಯಾಂಗಿದ್ದನವ್ವಾ ನಿನ ಗಂಡ?'

ಹೀಗೆ ಯಾರೂ ಕೇಳಿರಲಿಲ್ಲ.

'ಎಲ್ಲಿ ಹ್ಯಾಂಗಿದ್ದಾ!' ಎಂದು ಸಾವಂತ್ರವ್ವ ಕಣ್ಣೊರೆಸಿಕೊಂಡು ಗದರಿದಳು. 'ಒಂದ ನಂಬರ್ ಸುಳ್ಳಬುರಕ! ಮದುವಿ ಆದಾಗಿಂದ ಲೋಣಾವಳಾದ ಗುಡ್ಡಾ ನೋಡಾಕ ಕರಕೊಂಡು ಹೋಗ್ತೀನಿ ಅಂದಾ. ಲೋಕಲ್ ಗಾಡ್ಯಾಗ ಒಂದ ತಾಸಿನ ದಾರಿ! ಒಮ್ಮೆರ ಒಯ್ದನೇನು? ಪ್ರತಿ ಸಲ ಅಲ್ಲಿಂದ ಬಂದವರ ಕಡೆ ಶೇಂಗಾ ಚಿಕ್ಕಿ ಇಸಕೊಂಡು ಬಂದು, ತಗೋ, ಹೋಗಿ ಬಂದಂಗಾತು ಅಂತಿದ್ದಾ!'

ಮುದುಕಿ ನಕ್ಕಳು, ತ್ರಿವೇಣಿ ಅಳುತ್ತಲೇ ನಕ್ಕಳು, ಹಾಲಿನ ತುಂಬ ನಗು ಹರಡಿತು. ಸಾವಂತ್ರವ್ವನಿಗೂ ತಡೆಯಲಾಗಲಿಲ್ಲ. ಗಂಡ ಸತ್ತ ಮೇಲೆ ಮೊದಲ ಬಾರಿಗೆ ಹೊಟ್ಟೆ ತುಂಬ ನಕ್ಕಳು, ನಕ್ಕು ಮತ್ತೆ ಅವನನ್ನು ಬೈಯಲು ಶುರು ಮಾಡಿದಳು. ಎಲ್ಲರಿಗೆಂದು ಕಾಸಿಟ್ಟಿದ್ದ ಚಹಾ ಆರಿತು. ಯಾರೂ ಏಳಲಿಲ್ಲ.