ವೈನಿ ತೆಳ್ಳಗಾದ ವರ್ಷ

ಹೋದ ವಾರ ಬಚ್ಚಲುಮನೆಯ ಬಾಗಿಲು ತೆರೆದೊಡನೆ ಮೂಗು ಉರಿಸುವ ಘಾಟು ಬಡಿಯಿತು. ಮಗಳು ಮೇಲ್ದುಟಿ, ಗದ್ದದ ಕೂದಲು ಕಾಣದಿರಲೆಂದು ಬಿಳಿ ಬ್ಲೀಚ್ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ಅದೇ ಘಾಟು... ನಮ್ಮ ಎದುರು ಮನೆಯ ವೈನಿಯದು.

ತೊಂಬತ್ತರ ದಶಕದ ಆರಂಭ. ಮರಾಠಿ ಸೀಮೆಯ ಕೋಥರೂಡದ ಒಂದು ವಸತಿ ಸೊಸೈಟಿಯಲ್ಲಿದ್ದೆವು. ನಾನಿನ್ನೂ ಶಾಲೆಯ ಹುಡುಗಿ. ಎದುರು ಮನೆಯವರೂ ಧಾರವಾಡದ ಕಡೆಯವರೇ. ಖಡಕಿಯ ಕಾರ್ಖಾನೆಯಲ್ಲಿ ಕಾರಕೂನರಾಗಿದ್ದ ಯಜಮಾನರನ್ನು ಅಣ್ಣ ಎನ್ನುತ್ತಿದ್ದೆ, ಹಾಗಾಗಿ ಅವರ ಹೆಂಡತಿ ನನಗೆ ವೈನಿ.

ಭಾನುವಾರ ಮಧ್ಯಾಹ್ನ ತನ್ನ ಅತ್ತೆ ಮಲಗಿದ ಮೇಲೆ ವೈನಿ ನಮ್ಮ ಮನೆಗೆ ಬಂದು ಬ್ಲೀಚ್ ಹಚ್ಚಿಕೊಳ್ಳುತ್ತಿದ್ದಳು. ತನ್ನ ಮನೆಯಲ್ಲಿ ಹಚ್ಚಿದರೆ ಘಾಟಿನ ಹಿಂದೆಯೇ ಅತ್ತೆಯ ಚುಚ್ಚುಮಾತೂ ಬರುತ್ತಿತ್ತು. ಮುಖದ ಮೇಲಿನದು ಒಣಗುವವರೆಗೆ ಕಿಟಕಿಯ ಕಡೆ ನೋಡುತ್ತ ಸುಮ್ಮನೆ ಕೂರುವಳು.

ದಪ್ಪಗಿದ್ದಳು, ವರ್ಷದಿಂದ ವರ್ಷಕ್ಕೆ ಇನ್ನೂ ದಪ್ಪಗಾದಳು. ತಿನ್ನುತ್ತಿದ್ದುದು ಮಾತ್ರ ಅರ್ಧ ಭಕ್ಕರಿ. ವಾರದಲ್ಲಿ ಎರಡೆರಡು ಉಪವಾಸ. ಆದರೂ ಅತ್ತೆ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ, "ಕದ್ದು ತಿಂತಾಳ್ರಿ. ಇಲ್ಲಂದ್ರ ಈ ಮೈ ಎಲ್ಲಿಂದ ಬರ್ತದ?" ಎನ್ನುತ್ತಿದ್ದರು.

ಮುಟ್ಟು ನಾಲ್ಕೈದು ತಿಂಗಳಿಗೊಮ್ಮೆ. ತಪ್ಪಿದಾಗಲೆಲ್ಲ ಅತ್ತೆಯ ದನಿ ಮೆತ್ತಗಾಗುತ್ತಿತ್ತು, ಸೊಸೆಯ ತಾಟಿಗೆ ತುಪ್ಪ ಬೀಳುತ್ತಿತ್ತು. ಒಮ್ಮೆಯಂತೂ ಅವಸರಪಟ್ಟು ಬಸಿರಿಯ ಹಸಿರು ಬಳೆಯನ್ನೂ ಇಡಿಸಿದರು. ಪರೀಕ್ಷೆ ಮಾಡಿಸಿದರೆ ಏನೂ ಇರಲಿಲ್ಲ. ಬಳೆಗಳನ್ನು ಅತ್ತೆಯೇ ಕಳಚಿದರು.

ಆಗ ತೋರಿಸಿದ ಡಾಕ್ಟರು ಮೇಜಿನಾಚೆಯಿಂದಲೇ ನೋಡಿ, ಮೊದಲು ತೂಕ ಇಳಿಸಿ, ಆಮೇಲೆ ಬನ್ನಿ ಎಂದರಂತೆ. ತೂಕ ಇಳಿಯಲಿಲ್ಲ. ವೈನಿ ಮತ್ತೆ ಹೋಗಲಿಲ್ಲ. ಬರಬರುತ್ತ ಮುಟ್ಟು ವರ್ಷಕ್ಕೊಮ್ಮೆ ಆಗತೊಡಗಿದರೂ ಕೇಳುವವರಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿತ್ತು. ನಾನು ಕಾಲೇಜಿನ ಕೊನೆಯಲ್ಲಿದ್ದೆ. ಗಚ್ಚಿಯ ಮೇಲೆ ಬಟ್ಟೆ ಒಣಹಾಕುವಾಗ ವೈನಿ ಹತ್ತಿರ ಬಂದು ಪಿಸುಗುಟ್ಟಿದಳು.

"ಈಗ ತಾನಾಗೇ ಬರ್ಲಿಕ್ಕತ್ತದ, ತಂಗಿ. ದೀಪಾವಳಿಗೆ ಶುರು ಆದದ್ದು, ಹೋಳಿ ಬಂತು, ಇನ್ನೂ ನಿಂತಿಲ್ಲ."

"ಅವ್ವಗ ಹೇಳ್ಲೇನ್ರಿ ವೈನಿ?"

"ಬ್ಯಾಡ. ಒಳಗಿನ ಕೆಟ್ಟದ್ದೆಲ್ಲ ಹೋಗ್ತದ, ಹೋಗ್ಲಿ."

ಅಷ್ಟು ಸಂತೋಷದಲ್ಲಿ ಆಕೆಯನ್ನು ನಾನೆಂದೂ ಕಂಡಿರಲಿಲ್ಲ. ಆದರೂ ಅಂದೇ ಅವ್ವನಿಗೆ ಹೇಳಿದೆ. ಅವ್ವ ವೈನಿಯನ್ನು ಡಾಕ್ಟರ ಬಳಿ ಹೊರಡಿಸಲು ನೋಡಿದರೆ, "ಈಗ ಮೈ ಇಳೀಲಿಕ್ಕತ್ತದ್ರಿ. ಇನ್ನ ಸ್ವಲ್ಪ ಇಳೀಲಿ, ಆಮ್ಯಾಲೆ ಹೋಗೂಣು. ಡಾಕ್ಟರೇ ಹಂಗ ಅಂದಾರಲ್ಲ" ಎಂದಳು.

ಹೌದು, ಇಳಿಯುತ್ತಿತ್ತು. ಜಂಪರು ಭುಜದಿಂದ ಜಾರತೊಡಗಿತು. "ಕಿತೀ ಬಾರೀಕ್ ಝಾಲಾತ್, ವಹಿನಿ!" ಎಷ್ಟು ತೆಳ್ಳಗಾದಿರಿ ಎಂದು ಕೆಳಮನೆಯ ಹೆಂಗಸರು ಗುಟ್ಟು ಕೇಳಿದರು. ಅತ್ತೆ ಮೊದಲ ಸಲ ಸೊಸೆಯನ್ನು ನಾಲ್ಕು ಜನರೆದುರು ಹೊಗಳಿದರು. ಮೆಟ್ಟಿಲು ಹತ್ತುವಾಗ ವೈನಿ ನಡುವೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದಳು, ತುಟಿ ಬಿಳಿಚಿತ್ತು. ಹೊಗಳಿದವರಿಗೆ ಅದು ಕಾಣಲಿಲ್ಲ.

ಒಂದು ಬೆಳಿಗ್ಗೆ ಅದೇ ಮೆಟ್ಟಿಲ ಮೇಲೆ ಕುಸಿದಳು. ಗರ್ಭಕೋಶದ ಕ್ಯಾನ್ಸರು, ಸುತ್ತಲೂ ಹಬ್ಬಿತ್ತು. ಅಂಡಾಶಯದ ದೋಷದಿಂದ ಮುಟ್ಟು ವರ್ಷಗಟ್ಟಲೆ ಏರುಪೇರಾದರೆ ಗರ್ಭಕೋಶದ ಒಳಪದರ ಬೆಳೆಯುತ್ತ ಹೋಗಿ ಕೆಲವರಿಗೆ ಹೀಗೂ ಆಗುತ್ತದೆ, ಮೈ ಬೆಳೆದದ್ದೂ ಅದರ ಜೊತೆಗಿನದೇ ಎಂದು ಆಸ್ಪತ್ರೆಯವರು ಅಣ್ಣನಿಗೆ ಹೇಳಿದರು.

ಔಷಧ ಹಿಡಿಯದಾದಾಗ ತವರಿಗೆ ಹೋಗುತ್ತೇನೆಂದಳು. ಕಾತ್ರಜದಲ್ಲಿ ಧಾರವಾಡದ ಬಸ್ಸು ಹತ್ತಿಸಲು ನಾನೂ ಹೋಗಿದ್ದೆ. ಕಿಟಕಿಯಿಂದ ಬಗ್ಗಿ, "ನೋಡಿಲ್ಲೆ, ಇಬ್ಬರು ಕೂತರೂ ಸೀಟಿನ್ಯಾಗ ಜಾಗಾ ಉಳಿದದ" ಎಂದು ನಕ್ಕಳು. ಅದೇ ಕೊನೆ... ಸಂಕ್ರಾಂತಿಗೆ ಮೊದಲೇ ಸುದ್ದಿ ಬಂತು.

ನಿನ್ನೆ ಮಗಳನ್ನು ಡಾಕ್ಟರ ಬಳಿ ಕರೆದೊಯ್ದೆ. ಆರು ತಿಂಗಳಿಂದ ಮುಟ್ಟಾಗಿಲ್ಲವೆಂಬುದನ್ನು ಅಲ್ಲಿ ಮೊದಲು ಕೇಳಿದೆ. ಅಂಡಾಶಯದ ದೋಷ, ಪಿಸಿಓಎಸ್ ಇರಬಹುದು, ಸ್ಕ್ಯಾನ್ ಮಾಡಿಸೋಣ ಎಂದರು.

"ನಾ ಭಾಳ ತಿಂತೀನಂತ ಆಗ್ಯದೇನು ಇದು?" ಮಗಳು ಕೇಳಿದಳು.

"ಇಲ್ಲ, ಇದರಲ್ಲಿ ನಿನ್ನ ತಪ್ಪಿಲ್ಲ" ಎಂದರು ಡಾಕ್ಟರು.

ಮಗಳು ಅತ್ತಳು. ಆ ಮಾತನ್ನು ವೈನಿಗೆ ಯಾರೂ ಹೇಳಲಿಲ್ಲ.