ಯೂರಿಯಾ ಅಲ್ರಿ ಇದು

ಕಾರಟಗಿಯ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಸಮುದ್ರದ ಮೀನು, ಹವಳ ಇರುವ ಅಕ್ವೇರಿಯಂ ಇದೆ ಎಂದರೆ ಕೊಪ್ಪಳದಲ್ಲೇ ಯಾರೂ ನಂಬುವುದಿಲ್ಲ. ಅದರ ಉಸ್ತುವಾರಿ ನನ್ನದು. ಒಮ್ಮೆ ಹೋದಾಗ ಹವಳದ ಮೇಲೆಲ್ಲ ಹಸಿರು ಪಾಚಿ ಹಬ್ಬಿತ್ತು. ಹಾಗೇ ಬಿಟ್ಟರೆ ಹವಳ ಸಾಯುತ್ತಿತ್ತು. ಬಯೋಪೆಲೆಟ್ ಎಂಬ ಬಿಳಿ ಕಾಳುಗಳನ್ನು ಅಕ್ವೇರಿಯಂನ ನೀರು ಹಾಯುವ ಕೊಳವೆಗೆ ಸುರಿಯತೊಡಗಿದೆ. ಮಾಲೀಕರ ತಂದೆ, ಭತ್ತ ಬೆಳೆಯುತ್ತಲೇ ಮುದುಕರಾದ ಅಜ್ಜ, ಗಪ್ಪನೆ ಕೈ ಹಿಡಿದರು.

“ಏ ತಮ್ಮಾ, ಮೊದಲ ಇಷ್ಟು ಹಸರ ಐತಿ. ಮತ್ತ ಯೂರಿಯಾ ಹಾಕ್ತೀಯಲ್ಲೋ!”

“ಯೂರಿಯಾ ಅಲ್ರಿ ಅಜ್ಜಾರ. ಮೀನಿಗೆ ಹಾಕಿದ ತಿನಿಸು ಹೆಚ್ಚಾಗಿ, ಕೊಳತು, ನೀರೆಲ್ಲ ಗೊಬ್ಬರ ಆಗೈತಿ. ಈ ಕಾಳಿನ ಮ್ಯಾಲ ಕಣ್ಣಿಗೆ ಕಾಣದಂಥ ಹುಳ ಬೆಳೀತಾವು. ಅವು ಆ ಗೊಬ್ಬರ ತಿಂದುಹಾಕ್ತಾವು.”

ಹಾದುಹೋದಾಗಲೆಲ್ಲ ಮೀನಿಗೆ ಹಿಡಿಗಟ್ಟಲೆ ಹಾಕುತ್ತಿದ್ದವರು ಯಾರೆಂದು ಅಜ್ಜನ ಮುಖ ನೋಡಿಯೇ ತಿಳಿಯಿತು. ಆದರೆ ಅವರು ಸೋಲುವ ಪೈಕಿ ಅಲ್ಲ.

“ಊರೆಲ್ಲ ಯೂರಿಯಾಕ್ಕ ಪಾಳಿ ಹಚ್ಚೈತಿ. ನನ್ನ ಮಗ ನೋಡಿದ್ರ, ನೀರಾಗ ಇದ್ದ ಯೂರಿಯಾ ತೆಗಸಾಕ ಆಳು ಕರಸ್ಯಾನ!” ಎಂದು ಗಿರಣಿ ಸದ್ದನ್ನೂ ಮೀರಿ ಕೂಗಿದರು.

ಭತ್ತ ತಂದು ಹೊರಗೆ ಕೂತಿದ್ದ ರೈತರಿಗೆ ಕೇಳಿಸಿದ್ದು ಒಂದೇ ಮಾತು. ನೋಡುವಷ್ಟರಲ್ಲಿ ಬಾಗಿಲ ತುಂಬ ಜನ, ಕೈಯಲ್ಲಿ ಆಧಾರ್ ಕಾರ್ಡು.

“ಒಬ್ಬೊಬ್ಬರಿಗೆ ಎಷ್ಟು ಚೀಲ ಕೊಡ್ತೀರ್ರಿ?”

ಹವಳ ಈಗ ಛಲೋ ಇದೆ. ಗದ್ದಲ ಬೇಡವೆಂದು ಆ ಕಾಳಿನ ಡಬ್ಬಿಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಒಯ್ಯುತ್ತೇನೆ. ಮುಚ್ಚಿ ಒಯ್ಯುವುದನ್ನು ಕಂಡ ಮೇಲಂತೂ ಅದು ಯೂರಿಯಾನೇ ಅಂತ ಎಲ್ಲರಿಗೂ ಖಾತ್ರಿಯಾಗಿದೆ.