ತೆರಿಗೆ ಊಟ

ಅದು ಜೂನ್ ತಿಂಗಳ ಒಂದು ಭಾನುವಾರ. ನನ್ನ ತಮ್ಮ ಲಿಂಗಸುಗೂರಿನಿಂದ ಬೈಕಿನ ಮೇಲೆ ಬಂದಿದ್ದ. ದಾರಿಯಲ್ಲಿ ಮಸ್ಕಿಯಲ್ಲಿ ನಿಲ್ಲಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುವುದು ಅವನ ರೂಢಿ. ಸಿಂಧನೂರು ಮುಟ್ಟುವಷ್ಟರಲ್ಲಿ ಅವು ತಣ್ಣಗಾಗಿ ಮೆತ್ತಗಾಗಿರುತ್ತಿದ್ದವು. ಅಪ್ಪನಿಗೆ ಹಾಗೇ ಬೇಕು, ಹಲ್ಲು ಕಡಿಮೆ. ನಾನು ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಮಾಡಿದೆ. ಮೂವರೂ ಅಂಗಳದಲ್ಲಿ ಕೂತು ತಿಂದೆವು. ನನ್ನ ಮನೆ ಅಪ್ಪನ ಮನೆಯ ಹಿಂದಿನ ಓಣಿಯಲ್ಲೇ ಇರುವುದರಿಂದ ಭಾನುವಾರದ ತಿಂಡಿ ನನಗೂ ಅಲ್ಲೇ.

ತಮ್ಮ ಮೊಬೈಲ್ ತೆಗೆದು ಅಪ್ಪನ ಮುಂದೆ ಹಿಡಿದ. ಅಮೆರಿಕದವನೊಬ್ಬ ಬಿಳಿ ಗಡ್ಡ ಸವರಿಕೊಳ್ಳುತ್ತಾ ಮಾತಾಡುತ್ತಿದ್ದ. ಅವನ ಮಾತನ್ನು ಯಾರೋ ಕನ್ನಡದಲ್ಲಿ ಹೇಳುತ್ತಿದ್ದರು.

"ಅಪ್ಪಾ, ಅಮೆರಿಕಾದ ಮಂದಿ ಆದಾಯ ತೆರಿಗಿ ಕಟ್ಟಬೇಕು ಅನ್ನೋ ಕಾಯ್ದೆನೇ ಇಲ್ಲಂತ. ಇದ್ರ ತೋರಸ್ರಿ ಅಂತ ಇಂವ ಸರ್ಕಾರಕ್ಕ ಕೇಳ್ಯಾನ. ಯಾರೂ ತೋರಿಸಿಲ್ಲಂತ."

ಅಪ್ಪ ಮಿರ್ಚಿಯ ತೊಟ್ಟು ಮುರಿದು ಆಚೆ ಎಸೆದ. "ಹಂಗಾರ ಪಾಪ, ಅಲ್ಲಿ ತೆರಿಗಿ ಊಟ ಇರಂಗಿಲ್ಲೇನು?"

ನಾವು ಮೂವರೂ ನಕ್ಕೆವು. ಆಮೇಲೆ ತಮ್ಮ ಅಪ್ಪನ ಫ್ಯಾನು ರಿಪೇರಿ ಮಾಡಿದ, ಒಂದು ತಾಸು ಮಲಗಿದ, ಬಿಸಿಲು ಇಳಿದ ಮೇಲೆ ಹೊರಟುಹೋದ. ಇಷ್ಟೇ ಆ ದಿನ. ಅಂಥ ದಿನ ಮತ್ತೆ ನಮಗೆ ಸಿಗಲಿಲ್ಲ.

ತೆರಿಗೆ ಊಟ ನಮ್ಮ ಮನೆಯಲ್ಲಿ ಮಾತ್ರ ಇರುವ ಪದ್ಧತಿ. ಅಪ್ಪ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿದ್ದ. ತುರ್ವಿಹಾಳದ ಕಡೆ ಹೂಳು ತೆಗೆಯುವುದು, ಒಡೆದ ಏರಿಗೆ ಮಣ್ಣು ಹಾಕುವುದು, ಬೇಸಿಗೆಯಲ್ಲಿ ನೀರು ಕಾಯುವುದು. ದಿನಗೂಲಿ. ತಮ್ಮ ಸರ್ಕಾರಿ ಹಾಸ್ಟೆಲ್ಲಿನಲ್ಲಿದ್ದು ಓದಿ ಲಿಂಗಸುಗೂರಿನ ಕಾಲೇಜಿನಲ್ಲಿ ಲೆಕ್ಚರರ್ ಆದ. ಒಂದು ವರ್ಷ ಪಗಾರದಲ್ಲಿ ತೆರಿಗೆ ಹಿಡಿದಿದ್ದಾರೆಂದು ಅವನು ಗೊಣಗಿಕೊಂಡು ಮನೆಗೆ ಬಂದಾಗ ಅಪ್ಪ ಕೂತಲ್ಲಿಂದ ಎದ್ದು ನಿಂತ.

"ಸರ್ಕಾರ ನಮ್ಮ ಕಡಿಂದ ಇಸಗೊಂಡೈತಿ? ನಮ್ಮ ಕಡಿಂದ?"

ಮರುದಿನವೇ ಕುರಿ ಮಾಂಸ ತಂದು, ತನ್ನ ಜೊತೆ ಮಣ್ಣು ಹೊತ್ತವರನ್ನೆಲ್ಲ ಕರೆದು ಊಟ ಹಾಕಿಸಿದ. ಅಲ್ಲಿಂದ ಮುಂದೆ ಪ್ರತಿ ಜುಲೈನಲ್ಲಿ ತಮ್ಮ ತನ್ನ ವರ್ಷದ ಲೆಕ್ಕ ಸರ್ಕಾರಕ್ಕೆ ಸಲ್ಲಿಸಿದ ಮೇಲೆ ಬರುವ ಭಾನುವಾರ ಆ ಊಟ. ಗೋಡೆಯ ಮೇಲಿನ ನೀಲಿ ಕೋಟಿನವರ ಪಟಕ್ಕೂ ಬುದ್ಧನ ಮೂರ್ತಿಗೂ ಅಪ್ಪ ಹೂವು ಏರಿಸುತ್ತಿದ್ದ. ಅನ್ನ ಬಡಿಸಿದ ಮೇಲೆ ಯಾರೂ ಕೈ ಹಾಕುವಂತಿಲ್ಲ. ತಮ್ಮ ಎದ್ದು ನಿಂತು, "ಈ ವರ್ಷದ್ದೂ ಕಟ್ಟೀವಿ, ಉಣ್ರಿ" ಅನ್ನಬೇಕು. ಆಮೇಲೆ ಊಟ.

ಗೊರೇಬಾಳದ ಕಾಕಾ, ಅಪ್ಪನ ಗ್ಯಾಂಗಿನವನು, ಪ್ರತಿ ವರ್ಷ ಅದೇ ಚೇಷ್ಟೆ ಮಾಡುತ್ತಿದ್ದ. "ಮಗ ಹುಟ್ಟಿದ್ರ ಊಟ ಹಾಕಿಸ್ತಾರ, ಮನಿ ಕಟ್ಟಿದ್ರ ಹಾಕಿಸ್ತಾರ. ರೊಕ್ಕ ಕೊಟ್ಟು ಮ್ಯಾಲ ಊಟ ಹಾಕ್ಸೋ ಹುಚ್ಚ ನೀ ಒಬ್ಬನ ನೋಡಲೇ."

"ಉಣ್ಣಲೇ ಸುಮ್ಮ, ಮುಂದಿನ ವರ್ಷ ಕರಿಯಂಗಿಲ್ಲ" ಎಂದು ಅಪ್ಪ ಅವನ ತಾಟಿಗೆ ಇನ್ನೊಂದು ತುಂಡು ಹಾಕುತ್ತಿದ್ದ.

ಆ ಜುಲೈನಲ್ಲಿಯೂ ಊಟ ಇತ್ತು. ಕಾಲುವೆಗೆ ನೀರು ಬಿಡುವುದು ತಡವಾಗಿ ಊರೆಲ್ಲ ಅದೇ ಮಾತು. ಅನ್ನ ಬಡಿಸಿಯಾಗಿತ್ತು. ಎಲ್ಲರೂ ತಮ್ಮನ ಕಡೆ ನೋಡಿದರು. ಅವನು ಏಳಲಿಲ್ಲ.

"ಈ ಸಲ ನಾ ಲೆಕ್ಕ ಕೊಟ್ಟಿಲ್ಲ ಅಪ್ಪಾ" ಅಂದ. "ಪಗಾರದಾಗ ಅವರು ಹಿಡಕೊಂಡಿದ್ದು ಹಿಡಕೊಂಡಾರ. ನಾ ಒಪ್ಪಿ ಬರಕೊಡಂಗಿಲ್ಲ. ಯಾರೂ ಯಾರಿಗೂ ತೆರಿಗಿ ಕೊಡಬೇಕಾಗಿಲ್ಲ. ಅಮೆರಿಕಾದಾಗ ಕಾಯ್ದೆನೇ ಇಲ್ಲ, ಇಲ್ಲೂ ಸರಿಯಾಗಿ ನೋಡಿದ್ರ ಹಂಗ ಐತಿ."

ಅಪ್ಪ ಮೊದಲು ಚೇಷ್ಟೆ ಎಂದುಕೊಂಡ. ತಮ್ಮ ಮತ್ತೆ ಅದೇ ಅಮೆರಿಕದವನ ಮಾತು ಹೇಳಲು ಸುರು ಮಾಡಿದ. ಒಂದು ತಿಂಗಳಲ್ಲಿ ಅವನು ಅಂಥ ಎಷ್ಟು ವಿಡಿಯೋ ನೋಡಿದ್ದನೋ ಗೊತ್ತಿಲ್ಲ. ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಕಣ್ಣು ಯಾರ ಮೇಲೂ ಇರಲಿಲ್ಲ. ಕ್ಲಾಸಿನಲ್ಲಿ ಸಮಾಧಾನದಿಂದ ಪಾಠ ಮಾಡುತ್ತಾನೆಂದು ಹೆಸರಾದವನು ಅವನು.

ಅಪ್ಪನಿಗೆ ಸಿಟ್ಟು ಬಂತು. "ಕಾಲುವಿ ಯಾರ ರೊಕ್ಕಲೆ ಆಗೇತಿ? ನೀ ಎಲ್ಲಿ ಉಂಡು ಓದಿದಿ? ಮಂದಿ ತೆರಿಗಿಲೆ ಹಾಸ್ಟೆಲ್ಲಿನಾಗ ಅನ್ನ ಉಂಡು ಇಷ್ಟು ಎತ್ತರ ಆಗಿ, ಈಗ ನಾ ಕೊಡಂಗಿಲ್ಲ ಅಂತಿ?"

ತಮ್ಮನ ಮುಖ ಆಗ ಬದಲಾದದ್ದನ್ನು ನಾನು ನೋಡಿದೆ. ಅಪ್ಪನ ಬೈಗುಳಕ್ಕೆ ಅವನು ಎಂದೂ ಬೇಸರ ಮಾಡಿಕೊಂಡವನಲ್ಲ. ಅಂದು ತಾಟು ಮುಂದೆ ಸರಿಸಿದ. "ನೀನೂ ಅದನ್ನ ಅಂದಿ ನೋಡಪ್ಪಾ" ಎಂದಷ್ಟೇ ಹೇಳಿ ಎದ್ದ. ನಾನು ಬೈಕಿನವರೆಗೆ ಓಡಿದೆ.

"ಉಂಡಾರ ಹೋಗೋ ತಮ್ಮಾ."

"ಹಸಿವಿಲ್ಲ ಅಕ್ಕಾ. ಒಳಗ ನಡಿ, ಮಂದಿ ಕುಂತಾರ."

ಆಮೇಲೆ ಅವನು ಸಿಂಧನೂರಿಗೆ ಬರಲಿಲ್ಲ. ನಾನು ಫೋನ್ ಮಾಡಿದರೆ ಚೆನ್ನಾಗಿಯೇ ಮಾತಾಡುತ್ತಿದ್ದ. ಅಪ್ಪನ ಬಿಪಿ ಗುಳಿಗೆ ಮುಗಿದಿದೆಯೇ ಎಂದು ಕೇಳುತ್ತಿದ್ದ. ಫೋನ್ ಅಪ್ಪನಿಗೆ ಕೊಡಲೇ ಅಂದರೆ, "ಬರ್ತೀನಿ ತಗೋ, ಈಗ ಬ್ಯಾಡ" ಅನ್ನುತ್ತಿದ್ದ. ಅಪ್ಪನೂ ಅಷ್ಟೇ. ನಾನು ಮಾತಾಡುವಾಗ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದ, ಕೇಳಲಿಲ್ಲ ಎಂಬಂತೆ ಇರುತ್ತಿದ್ದ.

ಭತ್ತ ತೆನೆ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ತಮ್ಮನ ಹೆಂಡತಿಯ ಫೋನ್ ಬಂತು. ಸ್ನಾನಕ್ಕೆ ಹೋಗುವಾಗ ಎದೆ ಹಿಡಿದುಕೊಂಡನಂತೆ. ದವಾಖಾನೆ ಮುಟ್ಟಲಿಲ್ಲ. ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಲಿಂಗಸುಗೂರಿಗೆ ಹೋದೆವು. ಮಸ್ಕಿ ದಾಟುವಾಗ ಮಿರ್ಚಿ ಅಂಗಡಿಯ ಎಣ್ಣೆ ಕಾಯುತ್ತಿತ್ತು. ಅಪ್ಪ ಆ ಕಡೆ ನೋಡಿ ಕತ್ತು ಹೊರಳಿಸಿದ.

ಅವನನ್ನು ಮಣ್ಣು ಮಾಡಿ ಬಂದು ಕೆಲವು ವಾರಗಳಾಗಿದ್ದವು. ಒಂದು ಸಂಜೆ ನಾನು ರೊಟ್ಟಿ ತೆಗೆದುಕೊಂಡು ಹೋದಾಗ ಅಪ್ಪ ಕೇಳಿದ.

"ಯವ್ವಾ, ಅಮೆರಿಕಾದಾಗ ಖರೇನ ಕಾಯ್ದೆ ಇಲ್ಲೇನು?"

"ಯಾಕ ಅಪ್ಪಾ?"

"ಇಲ್ಲದಿರಬೇಕು ನೋಡು. ಓದಿದಾವ, ಸುಮ್ಮ ಸುಮ್ಮನ ಹೇಳಂಗಿಲ್ಲ ಅಂವ. ಯಾರನ್ನಾರ ಕೇಳು."

ಅಪ್ಪ ಏನು ಬೇಡುತ್ತಿದ್ದಾನೆಂದು ನನಗೆ ತಿಳಿಯಿತು. ಮಗ ಹೇಳಿದ್ದು ಸರಿ ಇರಬೇಕು. ತಾನು ಬೈದದ್ದು ತಪ್ಪಾಗಿರಬೇಕು. ತೆರಿಗೆ ಕಟ್ಟಿದ್ದಕ್ಕೆ ಕುರಿ ಕಡಿಸಿದ ಮನುಷ್ಯ, ದೂರದ ಅಮೆರಿಕದಲ್ಲಿ ತೆರಿಗೆಯ ಕಾಯ್ದೆ ಇರಬಾರದೆಂದು ಬಯಸುತ್ತಾ ಕೂತಿದ್ದ.

ಕೇಳಲು ಒಂದು ದಾರಿ ತಾನಾಗಿಯೇ ಬಂತು. ತೀರಿಕೊಂಡವರ ಬಾಕಿ ಉಳಿದ ಲೆಕ್ಕವನ್ನು ಮನೆಯವರೇ ಕೊಡಬೇಕಂತೆ. ತಮ್ಮನ ಲೆಕ್ಕ ಮಾಡಿಕೊಡುತ್ತಿದ್ದವರು ಮಸ್ಕಿಯ ಒಬ್ಬ ತೆರಿಗೆ ಸಲಹೆಗಾರರು. ತಮ್ಮನ ಹೆಂಡತಿ ಆ ಕಡೆಯಿಂದ ಬಂದಳು, ನಾನು ಈ ಕಡೆಯಿಂದ ಬಸ್ಸಿಗೆ ಹೋದೆ. ಅವಳು ಸಹಿ ಮಾಡುವ ಕಡೆಯೆಲ್ಲ ಮಾಡಿದಳು. ಕೆಲಸ ಮುಗಿದ ಮೇಲೆ ನಾನು ಅಪ್ಪನ ಪ್ರಶ್ನೆ ಕೇಳಿದೆ. ಅವರು ನಗಲಿಲ್ಲ. ಅದಕ್ಕೆ ಅವರ ಮೇಲೆ ನನಗೆ ಗೌರವ.

"ಕಾಯ್ದೆ ಐತ್ರೀ ಅಕ್ಕಾರ. ಅವರ ಸಂವಿಧಾನಕ್ಕ ತಿದ್ದುಪಡಿನೇ ಮಾಡ್ಯಾರ. ಲೆಕ್ಕ ಪ್ರತಿಯೊಬ್ಬರು ತಾವೇ ಹಾಕಿ ಕೊಡ್ತಾರ ನೋಡ್ರಿ, ಅದನ್ನ ಈ ವಿಡಿಯೋದೋರು ಮನಸಿದ್ರ ಕಟ್ರಿ ಅಂತ ತಿರುವಿ ಹೇಳ್ತಾರ. ಈ ವಾದ ಹಿಡಕೊಂಡು ಕೋರ್ಟಿಗೆ ಹೋದೋರು ಸೋತಾರ, ದಂಡ ಕಟ್ಟ್ಯಾರ. ಜೈಲಿಗೆ ಹೋದೋರೂ ಅದಾರ. ಸರ್‌ಗೆ ನಾನೇ ಎರಡು ಸಲ ಹೇಳಿದ್ದೆ."

"ಏನಂದ?"

"ನೀವು ಹೇಳೋದು ಖರೇ ಇರಬಹುದು, ಆದ್ರ ನನಗ ಅಂವ ಹೇಳೋದು ಬೇಕಾಗೇತಿ ಅಂದ್ರು."

ಅವರು ಸ್ವಲ್ಪ ಹೊತ್ತು ಪೆನ್ನಿನ ಟೋಪಿ ಹಾಕಿ ತೆಗೆದು ಮಾಡಿದರು. ನಂತರ, ಹೇಳಬೇಕೋ ಬೇಡವೋ ಗೊತ್ತಿಲ್ಲ ಎನ್ನುತ್ತಾ ಹೇಳಿದರು. ಹಿಂದಿನ ಬೇಸಿಗೆಯಲ್ಲಿ ಕಾಲೇಜಿನ ಸಿಬ್ಬಂದಿಯ ಕಾಗದಪತ್ರ ತರಲು ಹೋಗಿದ್ದರಂತೆ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಜೊತೆಯ ಮೇಷ್ಟ್ರೊಬ್ಬರು ತಮ್ಮನ ಬೆನ್ನು ತಟ್ಟಿ ಅಂದರಂತೆ: "ನಮ್ಮ ತೆರಿಗಿಲೆ ಹಾಸ್ಟೆಲ್ಲಿನಾಗ ಅನ್ನ ಉಂಡು ಬಂದು, ಈಗ ನಮ್ಮ ಬಾಜೂಕ ಕುಂತಾರ ನೋಡ್ರಿ ಇವರು!" ಎಲ್ಲರೂ ನಕ್ಕರು. ತಮ್ಮನೂ ನಕ್ಕನಂತೆ.

"ಆಮ್ಯಾಲ ಗೇಟಿನ ತನಕ ನನ್ನ ಕಳಿಸಾಕ ಬಂದ್ರು. ಇನ್ನೂ ಎಷ್ಟು ವರ್ಷ ಕಟ್ಟಿದ್ರ ಆ ಅನ್ನದ ಹಿಸಾಬು ಚುಕ್ತಾ ಆಗ್ತದ್ರಿ, ಅಂತ ಕೇಳಿದ್ರು."

ತಮ್ಮನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗೂ ಹೇಳಿಲ್ರಿ" ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಸಿಂಧನೂರು ಹತ್ತಿರವಾದಂತೆ ಕೊಯ್ದ ಭತ್ತದ ಗದ್ದೆಗಳು ಸುರುವಾದವು. ಯಾರೂ ಯಾರಿಗೂ ತೆರಿಗೆ ಕೊಡಬೇಕಾಗಿಲ್ಲ ಎಂದು ತಮ್ಮ ಅಂದದ್ದು ನೆನಪಾಯಿತು. ಯಾರೂ ಕೊಡಬೇಕಾಗಿರಲಿಲ್ಲ ಎಂದಾದರೆ, ಅವನೂ ಯಾರದ್ದನ್ನೂ ಉಂಡಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಅಷ್ಟೇ ಇರಬೇಕು ಅನ್ನಿಸಿತು. ಮಂದಿಯ ತೆರಿಗೆಯಲ್ಲಿ ಉಂಡವರು ಎಂಬ ಮಾತಿಗೆ ಅಪ್ಪ ಇಷ್ಟು ವರ್ಷ ಊಟ ಹಾಕಿಸಿ ಉತ್ತರ ಕೊಟ್ಟುಕೊಂಡು ಬಂದಿದ್ದ. ಕೊನೆಗೆ ಆ ಮಾತು ಅಪ್ಪನ ಬಾಯಿಂದಲೇ ಬಂತು. ಅಪ್ಪ ಸಿಟ್ಟಿನಲ್ಲಿ ಆಡಿದರೂ ಆಡಿದ್ದು ಕಟ್ಟುವವರಾದ ಹೆಮ್ಮೆಯಿಂದ. ತಮ್ಮ ಕೇಳಿಸಿಕೊಂಡದ್ದು ಬೇರೆ.

ಅಪ್ಪ ಅಂಗಳದಲ್ಲಿ ಕಾಯುತ್ತಿದ್ದ.

"ಕೇಳಿದ್ಯಾ?"

"ಕೇಳಿದೆ. ಕಾಯ್ದೆ ಐತಂತ ಅಪ್ಪಾ. ಅಲ್ಲೂ ಕಟ್ಟಬೇಕಂತ."

ಅವನು ನೆಲ ನೋಡಿದ. "ಹಂಗಾರ ನಾ ಬೈದಿದ್ದು ಸರಿ ಇತ್ತು" ಅಂದ. ಮತ್ತೆ, "ಸರಿ ಇದ್ದು ಏನು ಮಾಡ್ಲಿ ಯವ್ವಾ?" ಅಂದ.

ಸ್ಟಾಫ್ ರೂಮಿನ ಮಾತನ್ನು ನಾನು ಅವನಿಗೆ ಹೇಳಿಲ್ಲ. ಬಾಯಿಯವರೆಗೆ ಹಲವು ಸಲ ಬಂದಿದೆ. ಹೇಳಿದರೆ ಆ ಭಾನುವಾರ ತಾನು ಆಡಿದ್ದನ್ನು ಅವನು ಮತ್ತೆ ಕೇಳಿಸಿಕೊಳ್ಳಬೇಕಾಗುತ್ತದೆ. ಈ ವಯಸ್ಸಿನಲ್ಲಿ ಅದು ಬೇಡ ಎಂದುಕೊಳ್ಳುತ್ತೇನೆ. ಹಾಗೆಂದು ನನಗೆ ನೆಮ್ಮದಿಯಿಲ್ಲ.

ಈ ಜುಲೈನಲ್ಲಿ ತಮ್ಮನ ಹೆಂಡತಿ ಅವನ ಕೊನೆಯ ತಿಂಗಳುಗಳ ಲೆಕ್ಕವನ್ನೂ ಸಲ್ಲಿಸಿದಳು. ಅಪ್ಪ ಊಟ ಇಡಬೇಕು ಅಂದ. ಬೇಡ ಅನ್ನಲು ನನಗೆ ಧೈರ್ಯವಾಗಲಿಲ್ಲ. ಮಾಂಸ ತಂದೆವು. ಪಟಕ್ಕೆ ಹೂವು ಏರಿಸಿದೆವು. ಗೊರೇಬಾಳದ ಕಾಕಾ ಬಂದ, ಚೇಷ್ಟೆ ಮಾಡಲಿಲ್ಲ, ಗೋಡೆಗೆ ಒರಗಿ ಕೂತ. ತಮ್ಮನ ಹೆಂಡತಿಯೂ ನಾನೂ ಬಡಿಸಿದೆವು. ಅನ್ನದ ಮೇಲೆ ಸಾರು ಬಿತ್ತು.

ಯಾರೂ ಕೈ ಹಾಕಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಅಪ್ಪ ಮೊಳಕಾಲಿನ ಮೇಲೆ ಕೈ ಊರಿ ಏಳಲು ನೋಡಿದ, ಅರ್ಧ ಎದ್ದು ಹಾಗೇ ಕೂತ. ಕಾಕಾ, "ಉಣ್ಣೂಣ ತಗೋಲೇ, ಆರತೈತಿ" ಅಂದ. ಉಂಡೆವು.

"ಈ ವರ್ಷದ್ದೂ ಕಟ್ಟೀವಿ, ಉಣ್ರಿ." ಆ ಮಾತು ಹೇಳುವವರು ನಮ್ಮ ಮನೆಯಲ್ಲಿ ಈಗ ಇಲ್ಲ.